ಬಲಗಡೆಯ ಕೋಲು

ಭಾವನವರಿಗೆ ನಮಸ್ಕಾರ.

ನೀವು ಕ್ಷೇಮವೇ ಎಂದು ಕೇಳಿ ಶುರುಮಾಡುವ ಹಾಗಿಲ್ಲ. ನಾನು ಕ್ಷೇಮ ಎಂದು ಬರೆದರೆ ಅದರಲ್ಲಿ ಅರ್ಧ ಸುಳ್ಳು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಲ್ಲಿನ ಡಾಕ್ಟರರ ವಿಮಾನವನ್ನು ಕೊಳ್ಳುವುದೋ ಬಿಡುವುದೋ ಎಂಬುದು ಇವತ್ತು ತೀರ್ಮಾನವಾಯಿತು. ಏನೆಂದು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಜೊತೆ ಒಂದು ಜಗಳ ಬಾಕಿ ಇದೆ. ಜಗಳ ಬಾಕಿ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ ಎನ್ನುವುದು ನಿಮಗೂ ಗೊತ್ತು, ಈ ಊರಿನ ಪತ್ರಿಕೆಗಳಿಗೂ ಗೊತ್ತು.

ನೀವು ಹೋಗಿ ಐದು ತಿಂಗಳಾಯಿತು. ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಂಗಡಿಯ ಮೇಜಿನ ಮುಂದೆ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೋದಿರಿ. ಸುತ್ತ ಎಪ್ಪತ್ತು ಗಡಿಯಾರಗಳು ಏನೂ ಆಗಿಲ್ಲವೆಂಬಂತೆ ಓಡುತ್ತಿದ್ದವಂತೆ. ಪಕ್ಕದ ಅಂಗಡಿಯ ಟೈಲರ್ ಹೇಳಿದ್ದು. ನಾನು ಬಂದು ನೋಡುವ ಹೊತ್ತಿಗೆ ನಿಮ್ಮ ಚಿಮಟ ಇನ್ನೂ ಬೆರಳುಗಳ ನಡುವೆಯೇ ಇತ್ತು.

ನಿಜ ಹೇಳಬೇಕೆಂದರೆ ನಮ್ಮಿಬ್ಬರ ನಂಟು ಅಕ್ಕನ ಜೊತೆಗೇ ಮುಗಿಯಬೇಕಿತ್ತು. ಅವಳಿದ್ದಾಗ ನಾವು ಎದುರುಬದುರು ಕೂತು ಒಂದು ಗಂಟೆ ಮಾತಾಡಿದ್ದಿಲ್ಲ. ನಾನು ಮೂವತ್ತೊಂದು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕುವುದೇ ಕಸುಬು, ಅದೇ ಸ್ವಭಾವವೂ ಆಯಿತು. ಮದುವೆ ಆಗಲಿಲ್ಲ. ಹೆಣ್ಣುಗಳಲ್ಲೂ ತಪ್ಪು ಹುಡುಕಿದ ಎಂದು ಅಕ್ಕ ಹೇಳುತ್ತಿದ್ದಳು. ಯಾವ ಹೆಣ್ಣೂ ನನ್ನನ್ನು ಎರಡನೇ ಸಲ ಓದಲು ಸಿದ್ಧಳಿರಲಿಲ್ಲ ಎನ್ನುವುದು ಸತ್ಯ. ನೀವು ಮಾತಿಲ್ಲದ ಮನುಷ್ಯ. ಅಕ್ಕ ಹೋದ ಮೇಲೆ ಬಂದ ಮೊದಲ ಭಾನುವಾರ ಬಾಗಿಲು ಬಡಿದವರು ನೀವು. ಒಳಗೆ ಬಂದಿರಿ, ಕುರ್ಚಿಯ ಮೇಲೆ ಕೂತಿರಿ, ಅರ್ಧ ಗಂಟೆಯ ನಂತರ ಅಂದಿರಿ, "ಮನೇಲಿ ಗಡಿಯಾರದ ಸದ್ದು ಜಾಸ್ತಿ ಆಗಿದೆ ಕಣಯ್ಯಾ." ಅಷ್ಟೇ. ಆಮೇಲೆ ಭಾನುವಾರ ತಪ್ಪಲಿಲ್ಲ.

ಊರ ಹೊರಗಿನ ಫ್ಲೈಯಿಂಗ್ ಕ್ಲಬ್ಬಿನವರು ತಮ್ಮ ವಿಮಾನದ ಗಡಿಯಾರ ರಿಪೇರಿಗೆಂದು ನಿಮ್ಮ ಬಳಿ ತಂದಿದ್ದು ಆಮೇಲೆ. ಹಣದ ಬದಲು ನಿಮ್ಮನ್ನು ಒಂದು ಸುತ್ತು ಹಾರಿಸಿ ತಂದರು. ಆ ಭಾನುವಾರ ನೀವು ಕೂರಲೇ ಇಲ್ಲ. "ಮೇಲಿಂದ ನಮ್ಮ ಗೋಪುರದ ಗಡಿಯಾರ ನೋಡ್ದೆ ಕಣಯ್ಯಾ. ನಾಲ್ಕೂ ಹತ್ತು. ಮೇಲಿಂದ ನೋಡಿದ್ರೂ ನಾಲ್ಕೂ ಹತ್ತೇ!" ಎಂದು ಮಗುವಿನ ಹಾಗೆ ನಕ್ಕಿರಿ. ಪೇಟೆಯ ಆ ಗಡಿಯಾರ ಹತ್ತೊಂಬತ್ತು ವರ್ಷದಿಂದ ನಿಂತಿದೆ. ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆಂದು ನೀವು ಅರ್ಜಿ ಕೊಟ್ಟಾಗ ಪುರಸಭೆಯ ಗುಮಾಸ್ತ ಏನೆಂದ ಎಂಬುದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಪುಕ್ಕಟೆ ಕೆಲಸಕ್ಕೆ ಟೆಂಡರ್ ಕರೆಯೋ ಹಾಗಿಲ್ಲ, ಟೆಂಡರ್ ಇಲ್ದೆ ಮುಟ್ಟೋ ಹಾಗಿಲ್ಲ." ಈ ಬಗ್ಗೆ ಪತ್ರಿಕೆಗಳಿಗೆ ಹದಿನಾಲ್ಕು ಪತ್ರ ಬರೆದೆ. ಮೂರು ಅಚ್ಚಾದವು. ಒಂದರಲ್ಲಿ ಗಡಿಯಾರ ಎಂಬ ಪದವನ್ನೇ ಬಿಟ್ಟಿದ್ದರು. ಹೊಸ ಪುರಸಭೆ ಬಂತು, ಗೋಪುರಕ್ಕೆ ಬಣ್ಣ ಬಳಿದರು, ದೀಪದ ಸರ ಸುತ್ತಿದರು. ಮುಳ್ಳು ಮಾತ್ರ ಅಲ್ಲಾಡಲಿಲ್ಲ.

ಅರವತ್ತು ದಾಟಿದ ನಾವಿಬ್ಬರು ವಿಮಾನ ಹಾರಿಸುವುದನ್ನು ಕಲಿಯಲು ಹೋದಾಗ ಕ್ಲಬ್ಬಿನಲ್ಲಿ ನಗಬಾರದೆಂದು ಎಲ್ಲರೂ ಪಟ್ಟ ಪಾಡು ನೆನಪಿದೆಯೇ? ಕಲಿಸುವ ಮೇಡಂ ಒಬ್ಬರೇ ನಗಲಿಲ್ಲ. ನಮಗಿಂತ ಇಪ್ಪತ್ತು ವರ್ಷ ಚಿಕ್ಕವರು, ನಮ್ಮನ್ನು ಶಾಲೆಯ ಹುಡುಗರಂತೆ ನಿಲ್ಲಿಸಿ ಮೊದಲ ಪಾಠ ಹೇಳಿದರು. "ಹಾರಿಸೋ ಕೋಲು ಎರಡಿದೆ, ವಿಮಾನ ಒಂದೇ. ಇಬ್ರೂ ಹಿಡಿದ್ರೂ ಕಷ್ಟ, ಇಬ್ರೂ ಬಿಟ್ರೂ ಕಷ್ಟ." ಅದಕ್ಕೇ ಆ ಮೂರು ಮಾತು. ಕೊಡುವವನು "ನಿಮ್ಮ ಕೈಗೆ" ಅನ್ನಬೇಕು. ತೆಗೆದುಕೊಳ್ಳುವವನು "ನನ್ನ ಕೈಯಲ್ಲಿದೆ" ಅನ್ನಬೇಕು. ಕೊಟ್ಟವನು ಮತ್ತೆ "ನಿಮ್ಮ ಕೈಯಲ್ಲಿದೆ" ಅಂದು ಆಮೇಲೆ ಕೋಲು ಬಿಡಬೇಕು. ನಡುವಿನ ಉತ್ತರ ಕೇಳಿಸುವ ತನಕ ಏನೇ ಆಗಲಿ ಕೈ ತೆಗೆಯುವಂತಿಲ್ಲ. ನೀವು ಗಂಭೀರವಾಗಿ ಕೇಳಿಸಿಕೊಂಡು, "ಮದುವೇಲಿ ಇದನ್ನ ಯಾರೂ ಹೇಳಿಕೊಡ್ಲಿಲ್ಲ ನೋಡಿ ಮೇಡಂ" ಎಂದಿರಿ. ಅವತ್ತು ಅವರು ನಕ್ಕರು.

ನಾನು ಮೊದಲ ಸಲ ಒಬ್ಬನೇ ಹಾರಿದ ದಿನ ನೀವು ಹುಲ್ಲಿನ ಮೇಲೆ ಜೇಬಿನ ಗಡಿಯಾರ ಹಿಡಿದು ನಿಂತಿದ್ದಿರಿ. ಪಕ್ಕದ ಸೀಟಿನಲ್ಲಿ ಭಾರವಿಲ್ಲದಿದ್ದರೆ ವಿಮಾನ ಅಷ್ಟು ಬೇಗ ಏಳುತ್ತದೆಂದು ನನಗೆ ಗೊತ್ತಿರಲಿಲ್ಲ; ನೆಲ ನನ್ನನ್ನು ನೂಕಿದಂತಾಯಿತು. ಆ ಹಗುರ ಆಗ ಹಿತವಾಗಿತ್ತು. ಇಳಿದು ಬಂದಾಗ ನೀವು ಕೊಟ್ಟ ಪ್ರಶಸ್ತಿಪತ್ರ ಇದು: "ಆರು ನಿಮಿಷ ನಲವತ್ತು ಸೆಕೆಂಡ್. ಇಳೀವಾಗ ಮೂರು ಸಲ ನೆಗೆದೆ. ಒಂದೇ ಹಾರಾಟಕ್ಕೆ ಮೂರು ಲ್ಯಾಂಡಿಂಗ್, ಲಾಭ ಬಿಡು."

ಲೈಸೆನ್ಸ್ ಬಂದ ಮೇಲೆ ಎಡಗಡೆ ನಾನು, ಬಲಗಡೆ ನೀವು. ಹೋಗುವಾಗ ನಾನು ಹಾರಿಸುವುದು, ಬರುವಾಗ ನೀವು. ಕ್ಲಬ್ಬಿನ ವಿಮಾನಕ್ಕೆ ವಾರಗಟ್ಟಲೆ ಕಾಯಬೇಕಾದಾಗ ನಾನು ಕ್ಲಬ್ಬಿಗೂ ಒಂದು ದೂರುಪತ್ರ ಬರೆದೆ. ನೀವು ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ತಮ್ಮ ವಿಮಾನ ಮಾರುತ್ತಿದ್ದ ಹಲ್ಲಿನ ಡಾಕ್ಟರನ್ನು ಹುಡುಕಿದಿರಿ. ಎರಡು ಸೀಟಿನ ವಿಮಾನ, ಬಿಳಿ ಮೈ, ಮಾಸಿದ ನೀಲಿ ಪಟ್ಟಿ. ಡಾಕ್ಟರು ಬಾಗಿಲು ತೆರೆದು ಹೆಮ್ಮೆಯಿಂದ ತೋರಿಸಿದ್ದೇ ಬಲಗಡೆಯ ಸೀಟನ್ನು. "ನೋಡಿ, ಹನ್ನೆರಡು ವರ್ಷ ಆಯ್ತು. ಇನ್ನೂ ಹೊಸಾದರ ಹಾಗಿದೆ!" ನಾನು ಎಂಜಿನ್ನಿನ ದಾಖಲೆ ಪುಸ್ತಕದಲ್ಲಿ ತಪ್ಪು ಹುಡುಕುತ್ತಿದ್ದೆ. ನೀವು ಆ ಸೀಟಿನ ಬಟ್ಟೆಯನ್ನು ಬೆರಳಿನಿಂದ ಸವರಿ ನನ್ನ ಕಿವಿಯಲ್ಲಿ ಅಂದಿರಿ, "ಪಾಪ ಕಣಯ್ಯಾ, ಯಾರೂ ಜೊತೆಗೆ ಕೂತೇ ಇಲ್ಲ." ವಾಪಸ್ ಬರುವ ಬಸ್ಸಿನಲ್ಲಿ ನೀವೇ ತೀರ್ಮಾನ ಹೇಳಿದಿರಿ. "ತಗೊಳ್ಳೋಣ. ಎರಡು ಸೀಟನ್ನೂ ಸಮವಾಗಿ ಸವೆಸೋಣ."

ಸವೆಸಲು ನೀವು ನಿಲ್ಲಲಿಲ್ಲ. ವಿಮಾನಕ್ಕೆಂದು ಇಟ್ಟ ನಿಮ್ಮ ಪಾಲಿನ ಹಣವನ್ನೂ ನನ್ನ ಹೆಸರಿಗೆ ಬರೆದಿಟ್ಟು ಹೋದಿರಿ. ಹಾಗಾಗಿ "ಆಗುವುದಿಲ್ಲ" ಎಂದು ತಪ್ಪಿಸಿಕೊಳ್ಳುವ ದಾರಿಯನ್ನೂ ಮುಚ್ಚಿದಿರಿ. ಹಲ್ಲಿನ ಡಾಕ್ಟರು ಸಭ್ಯರು. ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ಫೋನ್ ಮಾಡಿದರು. ಬೇರೊಬ್ಬರು ಕೇಳುತ್ತಿದ್ದಾರೆ, ಮುಂದಿನ ತಿಂಗಳ ಮೊದಲ ಶನಿವಾರದೊಳಗೆ ಹೌದು ಅಥವಾ ಇಲ್ಲ ಎಂದು ಹೇಳಿ ಎಂದರು. ಕ್ಲಬ್ಬಿನ ಮೆಕ್ಯಾನಿಕ್ ಒಂದು ಉಪಾಯ ಸೂಚಿಸಿದ. "ಒಂದೇ ಸೀಟಿಂದು ಒಂದಿದೆ ಸಾರ್, ಚಿಕ್ಕದು, ಚೊಕ್ಕವಾಗಿದೆ. ಇನ್ನು ನಿಮಗೆ ಎರಡ್ಯಾಕೆ?" ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನ ಜೊತೆ ಮೂರು ದಿನ ಮಾತು ಬಿಟ್ಟೆ.

ಒಂಟಿಯಾಗಿ ಹಾರುವುದು ನನ್ನಿಂದ ಆಗುತ್ತದೆಯೇ ಎಂದು ನೋಡಲು ಕ್ಲಬ್ಬಿನ ವಿಮಾನವನ್ನೇ ಒಯ್ದೆ. ಹೊರಡುವ ಮುನ್ನ ತೂಕದ ಪಟ್ಟಿಯಲ್ಲಿ ಅಭ್ಯಾಸಬಲದಿಂದ ನಿಮ್ಮ ಎಪ್ಪತ್ತೆರಡು ಕಿಲೋ ಬರೆದು, ಹೊಡೆದುಹಾಕಿದೆ. ನಿಮ್ಮ ಹೆಡ್‌ಸೆಟ್ ಅಲ್ಲೇ ಕೊಕ್ಕೆಗೆ ನೇತಾಡುತ್ತಿತ್ತು. ಮೇಲೆ ಹೋದ ಮೇಲೆ ಕಿವಿಯಲ್ಲಿ ನನ್ನ ಉಸಿರೊಂದೇ. ಇಷ್ಟು ದಿನ ಅದರ ಜೊತೆ ಇನ್ನೊಂದು ಉಸಿರು ಕೇಳುತ್ತಿತ್ತು ಎನ್ನುವುದು ಅದು ಇಲ್ಲದಾಗಲೇ ಗೊತ್ತಾಗಿದ್ದು.

ಮೂರು ಸಾವಿರ ಅಡಿಯಲ್ಲಿ, ನದಿ ತಿರುಗುವ ಜಾಗ ಕಾಣಲಿಲ್ಲ. ನಕ್ಷೆ ತಪ್ಪು ಮಗ್ಗುಲಿಗೆ ಮಡಿಸಿತ್ತು. ನಾನು "ನಿಮ್ಮ ಕೈಗೆ" ಎಂದೆ. ಎರಡೂ ಕೈ ತೆಗೆದೆ, ಕಾಲನ್ನೂ ತೆಗೆದೆ, ಕನ್ನಡಕ ಬದಲಿಸಿದೆ, ನಕ್ಷೆಯನ್ನು ತೊಡೆಯ ಮೇಲೆ ಹರಡಿ ಆರಾಮವಾಗಿ ನದಿ ಹುಡುಕತೊಡಗಿದೆ. ಭಾರವೆಲ್ಲ ಎಡಗಡೆ ಇತ್ತಲ್ಲ, ವಿಮಾನ ಮೆಲ್ಲಗೆ ಎಡಕ್ಕೆ ವಾಲಿತು. ಮೂಗು ಇಳಿಯಿತು. ಗಾಳಿಯ ಸದ್ದು ಏರಿತು. ನಾನು ನಕ್ಷೆಯಿಂದ ತಲೆ ಎತ್ತದೆ ಗದರಿದೆ, "ಭಾವಾ, ಎತ್ತರ ನೋಡಿ! ಎಲ್ಲಿ ಗಮನ ನಿಮ್ದು?"

ಗದರಿದ ಮೇಲೆ ಬಲಕ್ಕೆ ತಿರುಗಿದೆ. ಖಾಲಿ ಸೀಟು. ಎರಡು ಕೋಲುಗಳೂ ಜೋಡಿಯಾಗಿ, ಯಾರ ಹಂಗೂ ಇಲ್ಲದೆ, ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು.

ಎಂಜಿನ್ ತಗ್ಗಿಸಿದೆ, ರೆಕ್ಕೆ ಸಮ ಮಾಡಿದೆ, ಮೂಗು ಎತ್ತಿದೆ. ಕೈ ತಾನೇ ಮಾಡಿತು. ನಾನು ನೋಡುತ್ತಿದ್ದೆ ಅಷ್ಟೇ. ಒಂಬೈನೂರು ಅಡಿ ಕಳೆದಿದ್ದೆ. ಇಳಿದು, ವಿಮಾನ ಕಟ್ಟಿ, ಯಾರಿಗೂ ಏನೂ ಹೇಳದೆ ಕ್ಲಬ್ಬಿನ ಕೋಣೆಗೆ ಬಂದು ಚಹಾ ಹಾಕಿಕೊಂಡೆ. ಕೆಟಲಿನ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಆ ದಪ್ಪ ಪುಸ್ತಕ ನಿಮಗೆ ಗೊತ್ತಲ್ಲ. ತಪ್ಪು ಮಾಡಿದವರು ಅದರಲ್ಲಿ ಬರೆಯಬೇಕು: ಏನಾಯಿತು, ತಪ್ಪು ಏನು, ಪಾಠ ಏನು. ಹೆಸರು ಬೇಕಿಲ್ಲ. ಯಾರದೆಂದು ಯಾರೂ ಕೇಳುವಂತಿಲ್ಲ. ಬೇರೆಯವರು ಓದಿ ಬದುಕಿಕೊಳ್ಳಲಿ ಎಂದು. ಸೇರಿದ ಹೊಸದರಲ್ಲಿ ನಾನು ಅದನ್ನು ಓದಿದ್ದೆ. ಓದಿ, ಮೊದಲ ನಾಲ್ಕು ಪುಟಗಳ ಭಾಷೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿಟ್ಟಿದ್ದೆ! ಮೇಡಂ ಪೆನ್ನು ಕಿತ್ತುಕೊಂಡು, "ಸ್ವಾಮೀ, ಇಲ್ಲಿ ತಿದ್ದಿಕೊಳ್ಳೋಕೆ ಬರ್ತಾರೆ, ತಿದ್ದೋಕಲ್ಲ" ಎಂದಿದ್ದರು. ಅವಮಾನವಾಗಿ ಮತ್ತೆ ಅದನ್ನು ಮುಟ್ಟಿರಲಿಲ್ಲ.

ಈಗ ಮುಟ್ಟಿದ್ದು ಬರೆಯಲು ಅಲ್ಲ. ನನ್ನಂಥ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದಾರೆಯೇ ಎಂದು ನೋಡಲು. ಒಬ್ಬರಾದರೂ ಸಿಕ್ಕರೆ ಸಮಾಧಾನ. ಹಿಂದಕ್ಕೆ ಮಗುಚುತ್ತಾ ಹೋದೆ. ಎಂಟು ತಿಂಗಳ ಹಿಂದಿನ ಒಂದು ಪುಟದಲ್ಲಿ ನಿಂತೆ. ಹೆಸರಿರಲಿಲ್ಲ. ಆದರೆ ರಿಪೇರಿಗೆ ಬಂದ ಗಡಿಯಾರಕ್ಕೆ ದಾರದಲ್ಲಿ ಕಟ್ಟುವ ಚೀಟಿಯ ಮೇಲೆ ಹಿಡಿಸುವಂಥ ಆ ಇರುವೆ ಅಕ್ಷರ ಇನ್ಯಾರದು? ಅಕ್ಷರ ಗುರುತಿಸುವುದಕ್ಕೆ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟಿದ್ದಾರೆ ಭಾವಾ.

"ಎರಡೂವರೆ ಸಾವಿರ ಅಡಿ. ಬಲಗಣ್ಣಿಗೆ ಅರ್ಧ ನಿಮಿಷ ಪೂರ್ತಿ ಕತ್ತಲೆ. ವಿಮಾನವನ್ನು ಜೊತೆಯವನಿಗೆ ಕೊಟ್ಟೆ. ಕನ್ನಡಕ ಒರೆಸಿಕೊಳ್ಳಬೇಕು ಎಂದೆ. ತಪ್ಪು: ಸುಳ್ಳು ಹೇಳಿದ್ದು. ಪಾಠ: ಜೊತೆಯವನು ಚೆನ್ನಾಗಿ ಹಾರಿಸುತ್ತಾನೆ. ಅದನ್ನು ಅವನಿಗೆ ಹೇಳಬೇಕು."

ಮೂರು ವಾರದ ನಂತರದ ಪುಟದಲ್ಲಿ ಮತ್ತೆ ಅದೇ ಅಕ್ಷರ. "ಎರಡನೇ ಸಲ. ಇನ್ನೂ ಹೇಳಿಲ್ಲ. ಹೇಳಿದರೆ ವಿಮಾನ ಕೊಳ್ಳುವುದು ನಿಂತುಹೋಗುತ್ತದೆ, ಅವನು ಮತ್ತೆ ಮನೆಯಲ್ಲಿ ಕೂರುತ್ತಾನೆ. ತಪ್ಪು: ಅದೇ. ಪಾಠ: ಇನ್ನು ಮೇಲೆ ಒಬ್ಬನೇ ಹಾರುವುದಿಲ್ಲ."

ಇದು ನನ್ನ ಜಗಳ. ಎಷ್ಟು ಸೊಕ್ಕು ನಿಮಗೆ? ಬರೆಯಲು ಆ ಪುಸ್ತಕ ಸಿಕ್ಕಿತು, ಹೇಳಲು ನಾನು ಸಿಗಲಿಲ್ಲವೇ? ಒಂದು ಮಾತು ಹೇಳಿದ್ದರೆ ನಿಮ್ಮನ್ನು ಕಣ್ಣಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಅಲ್ಲಿಂದ ನರದ ಡಾಕ್ಟರ ಹತ್ತಿರ, ಅಲ್ಲಿಂದ ಎಲ್ಲಿಗೆ ಬೇಕೋ ಅಲ್ಲಿಗೆ. ಸರದಿಯಲ್ಲಿ ಕಾಯಿಸಿದವರ ಮೇಲೆಲ್ಲ ಪತ್ರ ಬರೆಯುತ್ತಿದ್ದೆ. ಕೊನೆಯ ತಿಂಗಳುಗಳಲ್ಲಿ ನೀವು ಹೆಂಗಸರ ಸಣ್ಣ ಕೈಗಡಿಯಾರಗಳನ್ನು "ಪಾರ್ಟ್ ಸಿಗಲ್ಲ" ಎಂದು ಹಿಂದಕ್ಕೆ ಕೊಡುತ್ತಿದ್ದುದನ್ನು ನಾನೇ ಕಂಡಿದ್ದೆ. ನಲವತ್ತು ವರ್ಷದಲ್ಲಿ ಪಾರ್ಟ್ ಸಿಗದಿದ್ದರೆ ತಾವೇ ಅರೆದು ಮಾಡುತ್ತಿದ್ದ ಮನುಷ್ಯ! ಅಚ್ಚಿನ ಹಾಳೆಯಲ್ಲಿ ಒಂದು ಚುಕ್ಕಿ ತಪ್ಪಿದರೆ ಹಿಡಿಯುವ ನನ್ನ ಕಣ್ಣಿಗೆ ಅದು ಕಾಣಲಿಲ್ಲ.

ಮೇಡಂ ಜೊತೆಗೂ ಜಗಳವಾಡಿದೆ. ಈ ಪುಟ ಓದಿಯೂ ಸುಮ್ಮನಿದ್ದಿರಾ ಎಂದು ಕೂಗಾಡಿದೆ. ಅವರು ಕೂಗಲಿಲ್ಲ. "ಯಾರದು ಅಂತ ಒಂದ್ಸಲ ಕೇಳಿದ್ರೆ ಆಮೇಲೆ ಯಾರೂ ಬರೆಯಲ್ಲ. ಬರೀದೇ ಇದ್ರೆ ಇನ್ನೊಬ್ಬರು ಸಾಯ್ತಾರೆ. ಎಲ್ಲರಿಗೂ ಕಣ್ಣಿನ ಪರೀಕ್ಷೆ ಕಡ್ಡಾಯ ಅಂತ ಮಾರನೇ ದಿನವೇ ಬೋರ್ಡ್ ಹಾಕಿದೆ. ಮೂರು ತಿಂಗಳ ಗಡುವು ಕೊಟ್ಟಿದ್ದೆ." ಗಡುವು ಮುಗಿಯಲು ಒಂಬತ್ತು ದಿನವಿದ್ದಾಗ ನೀವು ಹೋದಿರಿ. ಆ ಬೋರ್ಡನ್ನು ನಾನು ಓದಿದ್ದೆ. ಮುದುಕರನ್ನು ಹೊರಗೆ ಹಾಕುವ ಹುನ್ನಾರವೆಂದು ಅದರ ವಿರುದ್ಧ ಪತ್ರ ಬರೆದಿದ್ದೆ. ನೀವು ಅದನ್ನು ಓದಿ, ಮಡಿಸಿ ಕೊಟ್ಟು, "ಭಾಷೆ ಚೆನ್ನಾಗಿದೆ" ಎಂದಿರಿ.

ಈಗ ಹೇಳಲಾಗದ್ದನ್ನು ಹೇಳುತ್ತೇನೆ. ನಮ್ಮ ಕೊನೆಯ ಹಾರಾಟ. ವಾಪಸ್ ಬರುವ ಸರದಿ ನಿಮ್ಮದು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ನೀವು "ನಿನ್ನ ಕೈಗೆ" ಎಂದಿರಿ. ಆ ತಿಂಗಳಲ್ಲಿ ಅದು ನಾಲ್ಕನೇ ಸಲ. ನಾನು ಹೇಳಬೇಕಾದ ಮಾತು ಹೇಳಲಿಲ್ಲ. "ನಾನೇನು ನಿಮ್ಮ ಡ್ರೈವರಾ ಭಾವಾ?" ಎಂದೆ. ನೀವು ಕೋಲು ಬಿಡಲಿಲ್ಲ. ಉತ್ತರ ಬರುವ ತನಕ ಬಿಡುವಂತಿಲ್ಲವಲ್ಲ. ಸ್ವಲ್ಪ ಹೊತ್ತಿನ ನಂತರ ಮತ್ತೆ, ಮೆಲ್ಲಗೆ, "ನಿನ್ನ ಕೈಗೆ ಕಣಯ್ಯಾ." ನಾನು ಬೇಕೆಂದೇ ಗೋಪುರದ ಗಡಿಯಾರ ನೋಡುತ್ತಾ ಕೂತೆ. ಎಷ್ಟು ಹೊತ್ತು? ನಿಮಗೆ ಗೊತ್ತಿತ್ತು; ನೀವು ಕಣ್ಣು ಮುಚ್ಚಿ ಅರ್ಧ ನಿಮಿಷ ಎಣಿಸಬಲ್ಲವರು. ಕೊನೆಗೆ ಬಾಯಿ ಬಿಡದೆ ಕೋಲು ಕಿತ್ತುಕೊಂಡೆ. ನೀವು ಕತ್ತಲೆಯನ್ನು ಕಣ್ಣಲ್ಲಿಟ್ಟುಕೊಂಡು, ನಿಯಮ ಮುರಿಯದೆ, ನನ್ನ ಒಂದು ಮಾತಿಗಾಗಿ ವಿಮಾನ ಹಿಡಿದು ಕೂತಿದ್ದಿರಿ. ಆ ಮಾತು ಬರಲೇ ಇಲ್ಲ.

ಊರಿನ ಎಲ್ಲ ಕಚೇರಿಗಳ ತಪ್ಪನ್ನು ತಾರೀಖು ಸಮೇತ ನೆನಪಿಟ್ಟವನು ನಾನು. ತಪ್ಪನ್ನು ಒಪ್ಪಿಕೊಳ್ಳದವರನ್ನು ಕಂಡರೆ ನನಗಾಗುವುದಿಲ್ಲ ಎಂದು ಎಷ್ಟು ಪತ್ರ ಮುಗಿಸಿಲ್ಲ. ಅವತ್ತು ಮೊಳೆಯಿಂದ ಪುಸ್ತಕ ಇಳಿಸಿ, ನಿಮ್ಮ ಪುಟದಿಂದ ಎಷ್ಟೋ ಪುಟ ಮುಂದೆ ನನ್ನದನ್ನು ಬರೆದೆ. ಮೂರು ಸಾವಿರ ಅಡಿ, ನಕ್ಷೆ, ಖಾಲಿ ಸೀಟು, ಒಂಬೈನೂರು ಅಡಿ, ಎಲ್ಲ. ಬರೆದರೆ ಕೋಲು ಮುಟ್ಟಿಸುವುದಿಲ್ಲವೇನೋ, ಹಲ್ಲಿನ ಡಾಕ್ಟರಿಗೆ ಇಲ್ಲ ಎನ್ನಬೇಕಾಗುತ್ತದೇನೋ ಎಂದು ಗೊತ್ತಿದ್ದೇ ಬರೆದೆ. "ತಪ್ಪು: ಉತ್ತರಕ್ಕೆ ಕಾಯಲಿಲ್ಲ. ಪಾಠ: ಉತ್ತರ ಬರುವುದಿಲ್ಲ." ಕೆಳಗೆ ಹೆಸರು ಹಾಕಿ ಸಹಿ ಮಾಡಿದೆ. ಆ ಪುಸ್ತಕದಲ್ಲಿ ಹೆಸರಿರುವುದು ಅದೊಂದೇ ಪುಟ.

ಮೇಡಂ ಮಾರನೇ ದಿನ ಕರೆಸಿದರು. ಬೈಯಲಿಲ್ಲ. ಮೂರು ದಿನ ನಿಮ್ಮ ಸೀಟಿನಲ್ಲಿ ಕೂತರು, ಕೈ ತೊಡೆಯ ಮೇಲೆ. ನಕ್ಷೆಯನ್ನು ಒಂದೇ ಕೈಯಲ್ಲಿ ಮಡಿಸುವುದನ್ನು ಮಕ್ಕಳಿಗೆ ಕಲಿಸುವಂತೆ ಕಲಿಸಿದರು. ಎರಡು ಸಲ ನಾಲಿಗೆಯ ತುದಿಗೆ ಬಂದ "ನಿಮ್ಮ ಕೈಗೆ"ಯನ್ನು ನುಂಗಿದೆ. ಮೂರನೇ ದಿನ ಇಳಿದ ಮೇಲೆ ಅವರು ಅಂದರು, "ನಿಮಗೆ ಹಾರಿಸೋಕೆ ಬರುತ್ತೆ. ಯಾರಿಗೂ ಕೊಡದೆ ಇಟ್ಕೊಳ್ಳೋದು ಒಂದು ಬರಲ್ಲ. ಅದು ನೀವೇ ಕಲೀಬೇಕು." ಲೈಸೆನ್ಸ್ ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟರು.

ಇವತ್ತು ಶನಿವಾರ. ಬೆಳಿಗ್ಗೆ ಬಸ್ಸು ಹಿಡಿದು ಹಲ್ಲಿನ ಡಾಕ್ಟರ ಬಳಿಗೆ ಹೋದೆ. ಮೆಕ್ಯಾನಿಕ್ಕನ್ನೂ ಕರೆದೊಯ್ದೆ, ಮಾತು ಮತ್ತೆ ಶುರುವಾಗಿದೆ. ವಿಮಾನ ಹಾಗೆಯೇ ನಿಂತಿತ್ತು, ರೆಕ್ಕೆಯ ಮೇಲೆ ಧೂಳು. "ತಗೊಳ್ತೀನಿ, ಒಂದು ಷರತ್ತು. ಬಲಗಡೆ ಕೋಲು ಬಿಚ್ಚಿಕೊಡಿ" ಎಂದೆ. ಡಾಕ್ಟರು ಗಾಬರಿಯಾದರು. "ಯಾಕೆ, ಅದೇನಾದ್ರೂ ಹಾಳಾಗಿದ್ಯಾ?" ಹಲ್ಲು ಗಟ್ಟಿಯಾಗಿದ್ದರೆ ಕೀಳಬಾರದು ಎಂಬಂತೆ ನೋಡಿದರು ಪಾಪ. ಮೆಕ್ಯಾನಿಕ್ ಸ್ಪ್ಯಾನರ್ ತೆಗೆದ. ಒಂದು ಪಿನ್, ಎರಡು ನಟ್ಟು; ಐದು ನಿಮಿಷದ ಕೆಲಸ. ತೂತಿನ ಮೇಲೆ ಮುಚ್ಚಳ ಕೂರಿಸಿ, "ಸೀಟೂ ತೆಗೀಲಾ ಸಾರ್?" ಎಂದ. ಬೇಡ ಎಂದೆ.

ಕೋಲು ಈಗ ನನ್ನ ಮೇಜಿನ ಮೇಲಿದೆ. ನೀವು ಗಡಿಯಾರ ಬಿಚ್ಚಲು ಹಾಸಿಕೊಳ್ಳುತ್ತಿದ್ದ ಹಸಿರು ಬಟ್ಟೆಯ ಮೇಲೆ ಇಟ್ಟಿದ್ದೇನೆ. ಹಿಡಿ ಹೊಸದರಂತೆ ಇದೆ; ಯಾರ ಬೆವರೂ ಅದಕ್ಕೆ ತಾಗಿಲ್ಲ. ಆ ಸೀಟು ಇನ್ನು ಸವೆಯುವುದಿಲ್ಲ ಎನ್ನುವುದು ನನಗೆ ಗೊತ್ತು. ಎಡಗಡೆಯದನ್ನು ಮಾತ್ರ ನಾನು ಸವೆಸುತ್ತೇನೆ. ನಾಳೆ ಭಾನುವಾರ. ಬಾಗಿಲು ಬಡಿಯುವ ಸದ್ದಿಗೆ ಕಾಯದೆ ಬೇಗ ಎದ್ದು ಹೊರಡಬೇಕೆಂದಿದ್ದೇನೆ. ಗೋಪುರದ ಮೇಲೆ ಒಂದು ಸುತ್ತು ಹಾಕುತ್ತೇನೆ. ಹದಿನೈದನೇ ಪತ್ರವನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಇದರ ಕೆಳಗೆ ಸಹಿ ಹಾಕುವ ಮುನ್ನ ನಿಮಗೆ ಸಲ್ಲಬೇಕಾದ ಉತ್ತರ ಒಂದಿದೆ. ತುಂಬ ತಡವಾಯಿತು. ನೀವು ಇನ್ನೂ ಹಿಡಿದುಕೊಂಡೇ ಕೂತಿದ್ದೀರೇನೋ ಎಂಬುದು ನನ್ನ ಸಂಕಟ.

ನನ್ನ ಕೈಯಲ್ಲಿದೆ, ಭಾವಾ. ಇನ್ನು ನೀವು ಬಿಡಿ. ಕಣ್ಣಿಗೆ ವಿಶ್ರಾಂತಿ ಕೊಡಿ. ಅಕ್ಕ ಸಿಕ್ಕಿದ್ದರೆ, ನಿನ್ನ ತಮ್ಮ ಕೊನೆಗೂ ಒಂದು ತಪ್ಪು ಒಪ್ಪಿಕೊಂಡ ಎಂದು ಹೇಳಿ, ಅವಳು ನಂಬಲಿಕ್ಕಿಲ್ಲ. ನೀವಿರುವಲ್ಲಿ ಬೆಳಕು ಚೆನ್ನಾಗಿರಲಿ, ಗಡಿಯಾರದ ಸದ್ದು ಕಡಿಮೆ ಇರಲಿ.

ಇಂತಿ,
ನಿಮ್ಮ ಎಡಗಡೆ ಕೂರುತ್ತಿದ್ದವನು